ಚೆಲ್ಲಿದ ಹಾಲು

“ಅಲ್ಲೇ ನಿಲ್ಲೇ, ದರಿದ್ರ ಮುಂಡೇದೆ! ಆ ಕೆಸರುಗಾಲಲ್ಲಿ ಒಳಗೆ ಬರ್ತೀಯಾ?”

ಪರೀಕ್ಷಾಲಯದ ಸಾಹೇಬ ಬಾಗಿಲಲ್ಲೇ ಕೂಗಿದ. ಕ್ಯಾನಕ್ಕ ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದಳು. ಅಣುಸ್ಥಾವರದ ಸುತ್ತಲಿನ ನೀರು, ಹುಲ್ಲು, ಹಾಲು ತಂದುಕೊಡುವುದು ಅವಳ ಕೂಲಿ. ಅದರಲ್ಲಿ ವಿಕಿರಣ ಎಷ್ಟಿದೆಯೆಂದು ಒಳಗಿನ ಯಂತ್ರ ಹೇಳುತ್ತದೆ. ಹೊತ್ತು ಹೊತ್ತು ಕ್ಯಾನೇ ಹೆಸರಾಗಿಬಿಟ್ಟಿತ್ತು. ಅವ್ವ ಇಟ್ಟ ಹೆಸರು ಯಾರಿಗೂ ನೆನಪಿಲ್ಲ.

“ಹಾಲು ಎಲ್ಲಿಂದು?”

“ನಿಮ್ಮ ಕ್ವಾರ್ಟರ್ಸಿಂದೇ ಸಾರ್.”

“ಹಾಂ. ಕಾಲುವೆ ಕೇರಿ ಅಂತ ಚೀಟಿ ಅಂಟಿಸು.”

ಮೊದಲ ಸಲ ಅವಳು ಕೇರಿಯ ಹಾಲನ್ನೇ ತಂದಿದ್ದಳು. ಸ್ಥಾವರದ ನೀರು ಹರಿಯುವ ಕಾಲುವೆ ದಂಡೆಯಲ್ಲಿ ಮೇಯುವ ಆಡಿನ ಹಾಲು. ಅಂಕಿ ನೋಡಿ ಸಾಹೇಬ ಬಿಳುಚಿಕೊಂಡ. “ಯಂತ್ರ ಕೆಟ್ಟಿದೆ” ಎಂದ. ಯಂತ್ರ ರಿಪೇರಿಯಾಗಲಿಲ್ಲ, ಹಾಲು ಬದಲಾಯಿತು. ಹೊಟ್ಟೆಪಾಡು, ಅವಳು ತುಟಿ ಹೊಲಿದುಕೊಂಡಳು.

ಕೇರಿಯವರಿಗೆ ಅನುಮಾನ ಬರಬಾರದಲ್ಲ, ಆ ಆಡು ಸಾಕಿದ್ದ ಆಡಿನತ್ತೆಯ ಮನೆಗೆ ಹೋಗುವುದು ಮಾತ್ರ ತಪ್ಪಲಿಲ್ಲ. ಮುದುಕಿ ಕ್ಯಾನಿನ ಬಾಯಿಯನ್ನು ಸೆರಗಿನಿಂದ ಒರೆಸಿ ತುಂಬಿಸುವಳು. ಬಿಸಿಲಿಗೆ ಕೆಟ್ಟೀತೆಂದು ಒದ್ದೆ ಬಟ್ಟೆ ಸುತ್ತುವಳು. ಕ್ಯಾನಕ್ಕ ಹಾಲನ್ನು ಮುಳ್ಳುಪೊದೆಯ ಹಿಂದೆ ಸುರಿದು, ಬಟ್ಟೆಯನ್ನು ಒಗೆದು ಹಿಂದಿರುಗಿಸುವಳು. ಅತ್ತೆ ಕೇಳಿದರೆ “ಚೆನ್ನಾಗಿದೆಯಂತೆ, ಸಾಹೇಬ್ರೇ ಅಂದ್ರು” ಎನ್ನುವಳು.

ಅಂದು ಹೋದಾಗ ಅತ್ತೆಯ ತೊಡೆಯ ಮೇಲೆ ಮೊಮ್ಮಗು, ಕೈಯಲ್ಲಿ ಹಾಲಿನ ಚಮಚ.

“ಸೊಸೆಗೆ ಎದೆಹಾಲೇ ಇಳೀಲಿಲ್ಲ ಕಣೇ. ಆಡಿನ ಹಾಲು ಬೇಡ ಅಂತ ಎಲ್ರೂ ಹೆದರ್ಸಿದ್ರು. ಚೆನ್ನಾಗಿದೆಯಂತೆ ಅಂತ ನೀನು ಅಂದಿದ್ಯಲ್ಲ, ಅದೇ ಧೈರ್ಯ ನಂಗೆ.”

ಚಮಚ ಮಗುವಿನ ತುಟಿ ಮುಟ್ಟುವ ಮೊದಲೇ ಕ್ಯಾನಕ್ಕ ಆ ಕೈ ಹಿಡಿದಳು.

“ಕೊಡ್ಬೇಡತ್ತೆ. ನಿನ್ನ ಹಾಲು ಅಲ್ಲಿಗೆ ಹೋಗೇ ಇಲ್ಲ. ಚೆಲ್ತಿದ್ದೆ... ಒಂದ್ಸಲ ಹೋಗಿತ್ತು. ಕೆಟ್ಟದು ಬಂತು.”

ಮಗು ಬಾಯಿ ತೆರೆದುಕೊಂಡೇ ಕಾಯುತ್ತಿತ್ತು.

“ಹುಟ್ಟಿದಾಗಿಂದ ಇದೇ ಕುಡಿಸ್ತಿದ್ದೀನಲ್ಲೇ, ಪಾಪಿ!”

ಅತ್ತೆಯ ಕೈ ಮೇಲೆದ್ದಿತು, ಹೊಡೆಯಲಿಲ್ಲ. ಹೊಡೆದಿದ್ದರೆ ಕ್ಯಾನಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. ಮಗುವನ್ನು ಒಳಗೆ ಸೊಸೆಗೆ ಕೊಟ್ಟು ಬಂದು ಆ ಕೈ ಆಡಿನ ಹಗ್ಗ ಬಿಚ್ಚಿತು.

“ಕ್ಯಾನ್ ತಗೋ. ನಡಿ ಮುಂದೆ.”

ಪರೀಕ್ಷಾಲಯದ ಗೇಟಿನಲ್ಲಿ ಕಾವಲುಗಾರ ಹಲ್ಲು ಕಿರಿದ. “ಏನಜ್ಜಿ, ಆಡಿಗೂ ಕೆಲ್ಸ ಬೇಕಾ?”

“ಹೂಂ ಕಣಪ್ಪ. ನಿಮ್ಮ ಸಾಹೇಬನಿಗಿಂತ ನಿಯತ್ತಾಗಿ ಮಾಡುತ್ತೆ.”

ಗಲಾಟೆಗೆ ಸಾಹೇಬ ಹೊರಬಂದ. “ಯಾವ ಬೋಳಿಮಗ ಇದನ್ನ ಬಿಟ್ಟಿದ್ದು? ಓಡಿಸ್ರೋ!”

ಪಾಳಿ ಮುಗಿಸಿ ಹೊರಟ ಕೂಲಿಗಳು ನಿಂತುಬಿಟ್ಟರು. ಕಾವಲುಗಾರ ಕೋಲನ್ನು ಗೋಡೆಗೆ ಒರಗಿಸಿದ.

ಅತ್ತೆ ಗೇಟಿಗೆ ಅಡ್ಡಲಾಗಿ ಕುಕ್ಕರುಗಾಲಲ್ಲಿ ಕೂತಳು. “ಕೇರಿ ಹಾಲು ಚೆನ್ನಾಗಿದೆ ಅಂತ ನೀನೇ ಅಂದ್ಯಂತಲ್ಲಪ್ಪ. ಮತ್ಯಾಕೆ ಹಿಂದೆ ಹಿಂದೆ ಹೋಗ್ತೀಯಾ? ನಿನ್ನ ಕಣ್ಣೆದುರೇ ಕರೀತೀನಿ. ಹಾಕು ನಿನ್ನ ಯಂತ್ರಕ್ಕೆ.”

ಕ್ಯಾನಕ್ಕ ಕ್ಯಾನನ್ನು ಮುಂದೆ ಹಿಡಿದಳು. ಅತ್ತೆ ಎಂದಿನಂತೆ ಅದರ ಬಾಯಿಯನ್ನು ಸೆರಗಿನಿಂದ ಒರೆಸಿದಳು. ಹಿಡಿದವಳ ಮುಖವನ್ನು ಮಾತ್ರ ನೋಡಲಿಲ್ಲ.

ಹಾಲು ಸರ್ರನೆ ತಳಕ್ಕೆ ಬಿತ್ತು.