ಬೇಸಿಗೆಯಲ್ಲಿ ಅಳೆದ ತಗ್ಗು

ಅಪ್ಪನ ಮೇಜಿನ ಎರಡನೆಯ ಖಾನೆಯನ್ನೂ ಅವರ ಕಚೇರಿಯ ಮೇಲಧಿಕಾರಿ ಎಳೆದು ಕೆದಕುತ್ತಿದ್ದಾಗ ಮಗಳು ಬಾಗಿಲಲ್ಲಿ ಬಂದು ನಿಂತಳು. ಅಪ್ಪನ ಹೆಣ ಇನ್ನೂ ಹಜಾರದಲ್ಲಿತ್ತು. ಅಧಿಕಾರಿಯ ಸೆಂಟು, ಬಾಡಿದ ಹೂಗಳ ವಾಸನೆಯೊಡನೆ ಬೆರೆತು ಅವಳ ಗಂಟಲಿಗೆ ಅಂಟಿಕೊಂಡಿತು.

“ಏನ್ ಸರ್ ಹುಡುಕ್ತಿದೀರಾ?”

“ಆಫೀಸಿನ ಪುಸ್ತಕಮ್ಮ, ಮಳೆಗಾಲದ್ದು. ನಾಳಿದ್ದು ಹೋಟೆಲ್ ಅರ್ಜಿ ವಿಚಾರಣೆ. ಕಂಡವರ ಕೈಗೆ ಸಿಕ್ಕಿದ್ರೆ ನಿಮ್ಮಪ್ಪನ ಹೆಸರೇ ಕೆಡುತ್ತೆ.”

“ಸತ್ತ ದಿನವಾದ್ರೂ ನಮ್ಮಣ್ಣಂಗೆ ರಜ ಕೊಡಿ ಸ್ವಾಮಿ,” ಹಿಂದಿನಿಂದ ಅತ್ತೆ ಚುಚ್ಚಿದಳು.

ಅಧಿಕಾರಿ ನಕ್ಕರು. ಹಲ್ಲಿನ ಸಂದಿಯಲ್ಲಿ ಬಿಸ್ಕತ್ತು ಮೆತ್ತಿಕೊಂಡಿತ್ತು.

ಪುಸ್ತಕ ಅವಳ ಕೈಚೀಲದಲ್ಲಿತ್ತು.

*

ಅಪ್ಪನ ಕೆಲಸ ಗಿಡ ಎಣಿಸುವುದು. ಕಡಲಂಚಿನ ಮರಳುದಿಬ್ಬಗಳ ನಡುವಿನ ತಗ್ಗಿನಲ್ಲಿ ಮರದ ಚೌಕಟ್ಟು ಇಟ್ಟು, ಅದರೊಳಗೆ ಬಂದದ್ದನ್ನೆಲ್ಲ ಮಂಡಿಯೂರಿ ಬರೆದುಕೊಳ್ಳುವುದು. ಮಳೆಗೆ ನೆಲದಡಿಯ ನೀರು ಮೇಲೇರಿದರೆ ಅಲ್ಲಿ ಹಸುರು ತುಳಿಯದೆ ಕಾಲಿಡಲಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಅದೇ ತಗ್ಗು ಹುಣ್ಣಿನ ಹಕ್ಕಳೆಯಂತೆ ಒಣಗಿ ಬಿರಿಯುತ್ತಿತ್ತು.

ಅದುವರೆಗೆ ಮಳೆಗಾಲದಲ್ಲಿ ಎಣಿಸುತ್ತಿದ್ದ ಅವರನ್ನು ಹೋದ ವರ್ಷ ಮೇಲಧಿಕಾರಿ ಬೇಕೆಂದೇ ಕಡುಬೇಸಿಗೆಯಲ್ಲಿ ಕಳಿಸಿದ್ದರು.

“ಏನ್ ಬರೆದ್ರಪ್ಪಾ?”

“ಕಂಡಿದ್ದನ್ನ. ಗಿಡ ಇಲ್ಲ ಅಂತ.”

“ಮಳೆ ಬಂದ್ರೆ ಬರ್ತಾವಲ್ಲ?”

“ಅದನ್ನ ಯಾರೂ ಕೇಳ್ಲಿಲ್ಲ.”

ಮಣ್ಣೇ ಇಲ್ಲದ ಕೈಯನ್ನು ಅವರು ಮೂರು ಸಲ ಸೋಪು ಹಚ್ಚಿ ತೊಳೆದರು. ಆ ಒಂದು ಸಾಲನ್ನು ಹಿಡಿದು, ತಗ್ಗು ಮುಚ್ಚಿ ಹೋಟೆಲು ಕಟ್ಟಲು ಅರ್ಜಿ ಬಂತು. ಅಂದಿನಿಂದ ಅಪ್ಪನ ಎದುರು ಕೂತು ಉಣ್ಣಲು ಅವಳಿಗೆ ಹೇಸಿಗೆಯಾಗುತ್ತಿತ್ತು.

*

ಸ್ಮಶಾನದಲ್ಲಿ ಅಧಿಕಾರಿ ಕ್ಯಾಕರಿಸಿ, ಕಫವನ್ನು ಕರವಸ್ತ್ರಕ್ಕಿಳಿಸಿ, ಅದನ್ನೇ ಕಣ್ಣಿಗೊತ್ತಿಕೊಂಡರು.

“ಒಂದಕ್ಷರ ಸುಳ್ಳು ಬರೆದವರಲ್ಲ ಅವರು. ಮಗಳೂ ಎರಡು ಮಾತು ಹೇಳಲಿ.”

ಕಚೇರಿಯವರು ತಲೆಯಾಡಿಸಿದರು. ತಗ್ಗು ಮುಚ್ಚಬಾರದೆಂದು ತಕರಾರು ಹಾಕಿದ್ದ ಶಾಲೆಯ ಮೇಷ್ಟರು ಹಿಂದೆ ಒಬ್ಬರೇ ನಿಂತಿದ್ದರು.

ಅವಳು ಪುಸ್ತಕ ತೆಗೆದಳು. ಅತ್ತೆ ತೋಳು ಹಿಡಿದು ಪಿಸುಗುಟ್ಟಿದಳು: “ಹೆಣದ ಮುಂದೆ ಅವನ ಮರ್ಯಾದೆ ಕಳೀಬೇಡ ಕಣೆ.”

“ಉಳಿದಿದ್ರೆ ತಾನೆ ಅತ್ತೆ.”

ಓದತೊಡಗಿದಳು. “ಮಳೆಗಾಲ, ಮೂರನೇ ವಾರ. ಮೊದಲ ಚೌಕ. ಜೇಕು ಹುಲ್ಲು, ನಲವತ್ತು. ನೀರುಬ್ರಾಹ್ಮಿ, ಎಣಿಕೆ ಮೀರಿ. ಹುಳ ಹಿಡಿಯುವ ಅಂಟುಗಿಡ, ಹದಿನೇಳು. ಎರಡನೇ ಚೌಕ. ಜೇಕು, ಐವತ್ತೆರಡು...”

ದನಿ ಏರಲಿಲ್ಲ, ಇಳಿಯಲಿಲ್ಲ. ಪ್ರಾರ್ಥನೆಯಿರಬೇಕೆಂದು ಜನ ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ ಕೈ ಮುಗಿದರು. ಮೇಷ್ಟರು ಮಾತ್ರ ಪೆನ್ನು ತೆಗೆದು ಅಂಗೈಯ ಮೇಲೆ ಬೇಗಬೇಗ ಬರೆದುಕೊಳ್ಳುತ್ತಿದ್ದರು. ಅಧಿಕಾರಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಮೇಲೆ ಕರವಸ್ತ್ರದ ಸಮೇತ ಎರಡೂ ಕೈ ಜೋಡಿಸಿದರು.