ವಾರ್ನಿಷ್ ಹಚ್ಚಿದ ಹುಲ್ಲು

ಅಕ್ಕನದು ಸಸಿ ಮಾರುವ ಅಂಗಳ, ತಮ್ಮನದು ಪಕ್ಕದಲ್ಲೇ ಬಡಗಿ ಶೆಡ್ಡು. ನಡುವೆ ಗೋಡೆ ಇರಲಿಲ್ಲ. ಇದ್ದಿದ್ದರೆ ಕೂಗಿ ಕೂಗಿ ಇಬ್ಬರ ಗಂಟಲೂ ಇಷ್ಟು ಹೊತ್ತಿಗೆ ಬಿದ್ದುಹೋಗಿರುತ್ತಿತ್ತು. ಬೆಳಿಗ್ಗೆ ಅವನ ಗರಗಸ ಶುರುವಾಗುತ್ತಿದ್ದಂತೆ ಇವಳು ನೀರು ಹಾಕಲು ಶುರು, ಅದರ ಬೆನ್ನಿಗೇ ಜಗಳ ಶುರು. ಜಗಳವೂ ಹೊಸದಲ್ಲ, ಮೂರು ವರ್ಷದಿಂದ ಅದೇ: ತೇಗ ದೊಡ್ಡದೋ, ಹುಲ್ಲು ದೊಡ್ಡದೋ.

ತೇಗ ತಮ್ಮನದು. ಎರಡೂ ಅಂಗಳದ ಹಿಂದೆ ಮೇಲಿನ ರಸ್ತೆಯವರೆಗೆ ಏರುವ ಮಣ್ಣಿನ ದಿಬ್ಬವಿದೆ. ಅವನು ಉಳಿ ಹಿಡಿದ ವರ್ಷ ಅಲ್ಲಿ ನೆಟ್ಟ ಸಸಿ ಈಗ ತಬ್ಬಿದರೆ ಕೈಗೆ ಕೈ ಸಿಗದಷ್ಟು ದಪ್ಪವಾಗಿದೆ. ಹುಲ್ಲು ಅಕ್ಕನದು. ಎಲ್ಲೋ ದೂರದ, ಮರವೇ ಇಲ್ಲದ ದೊಡ್ಡ ಬಯಲಿನ ಹುಲ್ಲಂತೆ. ಅಂಚೆಯಲ್ಲಿ ತರಿಸಿದ ಒಂದು ಚಿಟಿಕೆ ಬೀಜದಿಂದ ಅಂಗಳದ ನೆಲದಲ್ಲೇ ಇಪ್ಪತ್ತು ಬುಡ ಎಬ್ಬಿಸಿದ್ದಳು. ಎದೆಯೆತ್ತರ ಬೆಳೆದು, ತುದಿಯಲ್ಲಿ ನವಿರಾದ ತೆನೆ ಬಿಟ್ಟು, ಗಾಳಿ ಬಂದಾಗ ಬಾಚಿದ ಕೂದಲಿನ ಹಾಗೆ ಒಂದೇ ಕಡೆಗೆ ವಾಲುತ್ತಿತ್ತು.

"ದನಾನೂ ತಿನ್ನದ ಹುಲ್ಲಿಗೆ ಮಗು ಸಾಕಿದ ಹಾಗೆ ಸಾಕ್ತೀಯಲ್ಲಕ್ಕ," ಎನ್ನುತ್ತಿದ್ದ ತಮ್ಮ. "ತೇಗ ನೋಡು. ಇನ್ನೂ ಮೂವತ್ತು ವರ್ಷ ಬೇಕು ಅದು ಬಲಿಯೋಕೆ. ಅದು ಬದುಕು ಅಂದ್ರೆ."

"ಮೂವತ್ತು ವರ್ಷಕ್ಕೆ ನಿನಗೆ ತೊಂಬತ್ತು. ಗರಗಸ ಎತ್ತೋಕೆ ನನ್ನನ್ನೇ ಕರೀತೀಯೇನೋ?"

ಹೀಗೆ ಸುಖವಾಗಿದ್ದವರ ಮಧ್ಯೆ ಒಂದು ದಿನ ರಸ್ತೆ ಕಚೇರಿಯ ಎಂಜಿನಿಯರಮ್ಮ ಬಂದಳು. ದಿಬ್ಬ ಹತ್ತಿ, ತೇಗದ ಬುಡಕ್ಕೆ ಟೇಪು ಹಿಡಿದು ನೋಡಿದಳು. ಮಳೆ ಪ್ರತಿವರ್ಷ ಮಣ್ಣು ಕೊಚ್ಚಿಕೊಂಡು ಹೋಗಿ ಬೇರು ಒಂದು ಗೇಣು ಬಯಲಾಗಿತ್ತು.

"ಮರ ಉರುಳಿದ್ರೆ ರಸ್ತೆ ಅಂಚನ್ನೂ ಕಿತ್ಕೊಂಡು ಬರುತ್ತೆ. ಬರೋ ಮಳೇಲಿ ಇನ್ನು ನಾಲ್ಕು ಬೆರಳು ಮಣ್ಣು ಹೋದ್ರೂ ಕಡಿಸ್ಬೇಕಾಗುತ್ತೆ," ಎಂದು ಪುಸ್ತಕದಲ್ಲಿ ಬರೆದುಕೊಂಡಳು. ಕಲ್ಲಿನ ಗೋಡೆ ಕಟ್ಟೋಣವೆಂದರೆ ಪಾಯ ತೋಡುವಾಗ ಉಳಿದ ಬೇರೂ ತುಂಡಾಗುತ್ತದೆ ಅಂದಳು.

ಆವತ್ತು ತಮ್ಮ ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ. ಅಕ್ಕನಿಗೆ ತಡೆಯಲಾಗಲಿಲ್ಲ.

"ನನ್ನ ಹುಲ್ಲು ನೆಡೋಣ ಕಣೋ ಅಲ್ಲಿ. ಒಂದೊಂದು ಬುಡಾನ ಮೂರು ಪಾಲು ಮಾಡಿ, ಬಿಸಿಲು ಬೀಳೋ ಕಡೆಯೆಲ್ಲ ಸಾಲಾಗಿ. ಮಣ್ಣು ಹಿಡ್ಕೊಳ್ಳುತ್ತೆ."

"ಆನೇನ ದಾರ ಕಟ್ಟಿ ನಿಲ್ಲಿಸ್ತೀಯಾ?" ಎಂದು ಅವನು ಎದ್ದುಹೋದ.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ. ಅಕ್ಕ ಮತ್ತೆ ವಾದಿಸಲಿಲ್ಲ. ಅವಳಿಗೆ ಕಣ್ಣಿನ ಪೊರೆ ತೆಗೆಸುವ ದಿನ ಹತ್ತಿರವಿತ್ತು. ಅದು ಮುಗಿಸಿ ಬಂದು ಕೇಳದೆಯೇ ನೆಟ್ಟುಬಿಡುವುದೆಂದು ಮನಸ್ಸಿನಲ್ಲೇ ಇಟ್ಟುಕೊಂಡು, ಕುಂಡಗಳಿಗೂ ಹುಲ್ಲಿಗೂ ನೀರು ಹಾಕುವ ಕೆಲಸ ತಮ್ಮನಿಗೆ ಒಪ್ಪಿಸಿ, ಎರಡು ವಾರ ಮಗಳ ಮನೆಗೆ ಹೋದಳು.

ತಿರುಗಿ ಬಂದದ್ದು ಒಂದು ಮಧ್ಯಾಹ್ನ, ಕಪ್ಪು ಕನ್ನಡಕ ಹಾಕಿಕೊಂಡು. ಅಂಗಳಕ್ಕೆ ಕಾಲಿಟ್ಟವಳು ಹಾಗೇ ನಿಂತಳು. ಹುಲ್ಲು ತಾಮ್ರದ ಬಣ್ಣಕ್ಕೆ ತಿರುಗಿತ್ತು, ಅದು ಸರಿಯೇ, ಒಣಗಾಲದಲ್ಲಿ ತಿರುಗುವುದೇ. ಆದರೆ ಇದು ಬೆಳಗಿದ ಪಾತ್ರೆಯಂತೆ ಫಳಫಳ ಹೊಳೆಯುತ್ತಿತ್ತು. ಡಾಕ್ಟರು ಬೇಕಾದ್ದಕ್ಕಿಂತ ಹೆಚ್ಚೇ ಕಣ್ಣು ಕೊಟ್ಟುಬಿಟ್ಟರಲ್ಲ ಅಂದುಕೊಂಡು ಹತ್ತಿರ ಹೋಗಿ ಮುಟ್ಟಿದಳು. ಬೆರಳು ಅಂಟಿತು. ಗಾಳಿ ಬೀಸಿದರೂ ಒಂದು ಕಡ್ಡಿಯೂ ಅಲ್ಲಾಡಲಿಲ್ಲ.

ತಮ್ಮ ಶೆಡ್ಡಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ಅಕ್ಕಾ, ಹೇಗೆ ಹೇಳ್ಲಿ... ತೀರಿಹೋಯ್ತು."

ಅಕ್ಕ ಗಾಬರಿಯಿಂದ ಅವನತ್ತ ತಿರುಗಿದಳು. "ಯಾರೋ?"

"ಹುಲ್ಲು."

ಮೂರು ವರ್ಷ ಅವನು ಹುಲ್ಲನ್ನು ಬೈದಿದ್ದನೇ ಹೊರತು ನೋಡಿರಲಿಲ್ಲ. ಅಕ್ಕ ಹೋದ ಮೇಲೆ ಮೊದಲ ಸಲ ಗಮನವಿಟ್ಟು ನೋಡಿದಾಗ ಒಣಗಿತ್ತು. ಬಡಗಿಯಲ್ಲವೇ, ಮುರಿದು ನೋಡಿದ, ಕಿವಿ ಹತ್ತಿರ ಹಿಡಿದು ಸದ್ದು ಕೇಳಿದ. ಹಸಿಯಿಲ್ಲ, ಸತ್ತಿದೆ ಎಂದು ತೀರ್ಮಾನಿಸಿದ. ತನ್ನ ಕೈಯಲ್ಲೇ ಸತ್ತಿತಲ್ಲ! ಹೊಸ ಕಣ್ಣಿನಲ್ಲಿ ಅಕ್ಕ ಮೊದಲು ನೋಡುವುದು ಉದುರಿಬಿದ್ದ ಹುಲ್ಲಾಗಬಾರದು ಎಂದು, ಇದ್ದ ರೂಪವಾದರೂ ಉಳಿಯಲಿ ಎಂದು, ನಾಲ್ಕು ದಿನ ಕೆಲಸ ಬಿಟ್ಟು ಸಣ್ಣ ಬ್ರಷ್ಷಿನಲ್ಲಿ ಒಂದೊಂದೇ ಗರಿಗೆ ವಾರ್ನಿಷ್ ಹಚ್ಚಿದ್ದ. ಎರಡು ಕೋಟು.

ಅಕ್ಕನಿಗೆ ನಗು ಉಕ್ಕಿತು. ಕಣ್ಣಿಗೆ ಒತ್ತಡ ಕೂಡದು ಅಂದಿದ್ದರು ಡಾಕ್ಟರು. ಬಾಯಿಗೆ ಸೆರಗು ಒತ್ತಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟಳು. "ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರು ಅಂತಾರಲ್ಲ, ಅದು ನಾನೇ ನೋಡು. ಅಲ್ಲೋ, ನಿನ್ನ ತೇಗದಲ್ಲೂ ಈಗ ಒಂದೆಲೆ ಇಲ್ಲ. ಅದಕ್ಯಾಕೆ ಹಚ್ಚಲಿಲ್ಲ?"

"ಅದು ಬದುಕಿದೆ ಅಂತ ಗೊತ್ತಲ್ಲ ನಂಗೆ."

"ಇದೂ ಬದುಕೇ ಇದೆ ಕಣೋ. ನಿದ್ದೆ ಮಾಡ್ತಿದೆ, ಅಷ್ಟೆ."

ಅಷ್ಟರಲ್ಲಿ ಅವಳ ನಗು ನಿಂತಿತು. ಡಾಕ್ಟರ ಮಾತು ಮರೆತು ಬಗ್ಗಿ ನೋಡಿದಳು. ವಾರ್ನಿಷ್ ಕಡ್ಡಿಗುಂಟ ಇಳಿದು, ಹೊಸ ಚಿಗುರು ಬರಬೇಕಾದ ಬುಡದಲ್ಲೇ ಗಟ್ಟಿಯಾಗಿ ಕೂತಿತ್ತು. ಉಸಿರು ಕಟ್ಟಿದರೆ ನಿದ್ದೆಯಲ್ಲಿದ್ದದ್ದು ನಿಜವಾಗಿಯೂ ಸಾಯುತ್ತದೆ. ಮಳೆಗೆ ಇನ್ನು ಎರಡೂವರೆ ತಿಂಗಳು.

"ದಿಬ್ಬಕ್ಕೆ ಅಂತ ಇಟ್ಕೊಂಡಿದ್ದೆ," ಎಂದಳು ಮೆಲ್ಲಗೆ. "ನಿನ್ನ ಮರಕ್ಕೆ. ಬೇರೆ ಬುಡ ನನ್ನ ಹತ್ರ ಒಂದೂ ಇಲ್ಲ."

ತಮ್ಮ ಒಳಗೆ ಹೋಗಿ ತನ್ನ ಅತಿ ಸಣ್ಣ ಉಳಿ ತಂದ. ಅಕ್ಕ ಬಗ್ಗುವಂತಿಲ್ಲ, ದೂಳು ಮುಟ್ಟುವಂತಿಲ್ಲ. ಸ್ಟೂಲು ಹಾಕಿಕೊಂಡು ಕೂತು ಹೇಳಿದಳು, ಅವನು ಮಾಡಿದ. ಒಣಹುಲ್ಲನ್ನು ಗೇಣುದ್ದ ಬಿಟ್ಟು ಕೊಯ್ದ. ಬಳಿಕ ನೆಲಕ್ಕೆ ಮೂಗು ತಾಗುವಂತೆ ಮಲಗಿ, ಹಳೆ ಕುರ್ಚಿಯ ಪಾಲಿಷ್ ಕೆರೆಯುವ ನಯದಲ್ಲಿ, ಒಂದೊಂದು ಬುಡದ ವಾರ್ನಿಷ್ ಎಬ್ಬಿಸಿದ. ಮೂರು ದಿನ ಹಿಡಿಯಿತು. "ಮಂತ್ರಿ ಮನೆ ಮೇಜಿಗೂ ಇಷ್ಟು ನಾಜೂಕು ಮಾಡಿಲ್ಲ ಇವ್ರು," ಎಂದಳು ಅವನ ಹೆಂಡತಿ, ಕಾಫಿ ತಂದವಳು. "ನನ್ನ ಕಪಾಟಿನ ಬಾಗಿಲು ಎರಡು ವರ್ಷದಿಂದ ಕಿರ್ರೆನ್ನುತ್ತೆ ಅತ್ತಿಗೆ."

ಹತ್ತು ದಿನ ಏನೂ ಕಾಣಲಿಲ್ಲ. ಹನ್ನೆರಡನೆಯ ದಿನ ತಮ್ಮ ಅಂಗಳದಿಂದಲೇ ಅರಚಿದ: "ಅಕ್ಕಾ, ಸೂಜಿ! ಹಸಿರು ಸೂಜಿ!" ಇಪ್ಪತ್ತರಲ್ಲಿ ಹದಿನಾಲ್ಕು ಚಿಗುರಿದವು. ಆರು ಹೋದವು.

ಪಾಲು ಮಾಡಲೆಂದು ಮೊದಲ ಬುಡವನ್ನು ಅಗೆಯಹೊರಟವನು ಅಗೆಯುತ್ತಲೇ ಹೋದ. ಮೊಣಕಾಲಿನವರೆಗೆ ಗುಂಡಿ, ಸೊಂಟದವರೆಗೆ ಗುಂಡಿ, ಕುತ್ತಿಗೆಯವರೆಗೆ ಗುಂಡಿ, ಬೇರು ಮುಗಿಯಲೊಲ್ಲದು. ಟೇಪು ಇಳಿಬಿಟ್ಟ. ಐದಡಿ ದಾಟಿತ್ತು.

"ಮೇಲೆ ಇರೋದಕ್ಕಿಂತ ಕೆಳಗೇ ಜಾಸ್ತಿಯಲ್ಲಕ್ಕ!"

"ನಿನ್ನ ಮರ ಆಕಾಶಕ್ಕೆ ಹೋಯ್ತು, ಇದು ಪಾತಾಳಕ್ಕೆ ಹೋಯ್ತು. ಬಾಯಿ ಮುಚ್ಚಿ, ಗುದ್ದಲಿ ಕೊಡವಿ ಮೇಲೆ ಬಾ. ಅಷ್ಟುದ್ದ ಬೇಡ, ಒಂದು ಮೊಳಕ್ಕೆ ಕತ್ತರಿಸು. ಮತ್ತೆ ಇಳಿಯುತ್ತೆ."

ಹದಿನಾಲ್ಕು ಬುಡ ನಲವತ್ತೆರಡಾಗಿ ದಿಬ್ಬ ಸೇರಿದವು. ಇನ್ನೊಂದು ಆಜ್ಞೆಯನ್ನೂ ಅಕ್ಕ ಹೊರಡಿಸಿದಳು. ತಮ್ಮನಿಗೆ ಬೆಂಕಿಯ ಭಯ. ಮರದ ಹೊಟ್ಟಿನ ಜೊತೆ ತೇಗದ ತರಗೆಲೆಯನ್ನೂ ದಿನಾ ಗುಡಿಸಿ ನೆಲ ಬೋಳು ಮಾಡುತ್ತಿದ್ದ. ಆ ಮೊರದಗಲದ ಎಲೆಯಿಂದ ಬೀಳುವ ಹನಿಯೂ ದಪ್ಪ; ಬೋಳು ನೆಲಕ್ಕೆ ಬಿದ್ದರೆ ಮಣ್ಣು ಏಳದೆ ಇನ್ನೇನು? ಪೊರಕೆ ದಿಬ್ಬ ಹತ್ತುವುದು ನಿಂತಿತು. ಅವನ ನೀರಿನ ಕೊಡ ಮಾತ್ರ ಬೆಳಿಗ್ಗೆ ಸಂಜೆ ಹತ್ತುತ್ತಿತ್ತು.

ಮಳೆ ಬಂತು. ಬಂದದ್ದು ಬಿಡದೆ ಒಂಬತ್ತು ದಿನ ಹೊಯ್ದಿತು. ಹತ್ತನೆಯ ದಿನ ಹನಿಯುತ್ತಿರುವಾಗಲೇ ಎಂಜಿನಿಯರಮ್ಮ ಬಂದು ತೇಗದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅಕ್ಕ ಕೊಡೆ ಹಿಡಿದು ಕೆಳಗೇ ನಿಂತಳು. ತಮ್ಮ ನೆನೆಯುತ್ತ ಮೇಲೆ ನಿಂತ. ಅವನ ಒಂದು ಕೈ ಮರದ ಮೈಮೇಲಿತ್ತು.

ಟೇಪು ಈ ಕಡೆ ಹಿಡಿದದ್ದಾಯಿತು, ಆ ಕಡೆ ಹಿಡಿದದ್ದಾಯಿತು.

"ಮೇಲುಗಡೆ ಅರ್ಧ ಬೆರಳು ಹೋಗಿದೆ. ಕೆಳಗಡೆ ಹುಲ್ಲಿನ ಹಿಂದೆ ಮಣ್ಣು ನಿಂತಿದೆ," ಎಂದು ಅವಳು ಪುಸ್ತಕ ತೆಗೆದಳು. "ಕಡಿಯೋದು ಬೇಡ. ಮುಂದಿನ ಮಳೆಗೂ ಬಂದು ನೋಡ್ತೀನಿ. ಇದು ಯಾವ ಹುಲ್ಲು?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ತಮ್ಮ ಹೇಳಿದ, "ನಮ್ಮ ಹುಲ್ಲು ಮೇಡಂ. ಬೇರು ಐದಡಿ ಹೋಗುತ್ತೆ. ತೇಗಕ್ಕೂ ಇಷ್ಟು ಹಠ ಇಲ್ಲ."

ಎಂಜಿನಿಯರಮ್ಮ ಹೋದ ಮೇಲೆ ಅವನು ಜಾರುತ್ತ ಇಳಿದು ಬಂದ. ಮುಖವೆಲ್ಲ ನೀರು, ಮಳೆಯದೇ ಎಲ್ಲವೂ ಎಂದು ಅಕ್ಕನಿಗೆ ಅನ್ನಿಸಲಿಲ್ಲ.

"ಅದ್ಯಾವಾಗಿಂದ ನಮ್ಮದಾಯ್ತೋ?"

"ಈಗಷ್ಟೇ, ಹತ್ತು ನಿಮಿಷ ಆಯ್ತು."

ಅಕ್ಕ ಕೊಡೆಯನ್ನು ಅವನ ತಲೆಯ ಮೇಲೂ ಬರುವಂತೆ ಎತ್ತಿದಳು. ಅವನು ಎತ್ತರದ ಆಳು, ಶೆಡ್ಡು ಮುಟ್ಟುವಷ್ಟರಲ್ಲಿ ಅವಳ ತೋಳು ನೋಯತೊಡಗಿತ್ತು. ಕೊಡು ಎಂದು ಅವನು ಕೈ ಚಾಚಿದ, ಅವಳು ಕೊಡಲಿಲ್ಲ.