ಗುರುರಾಜರ ಬಟನ್ ಬ್ರೇಕು

ನಮ್ಮ ಲೇಔಟಿನಲ್ಲಿ ಪ್ರತಿ ಕಾರಿಗೂ ಒಂದು ಕಲ್ಲಿದೆ. ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನಿಂದ ಒಳಗೆ ಬಂದರೆ ಸಿಗುವ ಈ ಹಳೆಯ ನೌಕರರ ಲೇಔಟು ಪೂರ್ತಿ ಇಳಿಜಾರು. ಕಾರು ನಿಲ್ಲಿಸುವುದು, ಗೇರನ್ನು ನ್ಯೂಟ್ರಲ್‌ಗೆ ತರುವುದು, ಇಳಿದು ಚಕ್ರದ ಹಿಂದೆ ಕಲ್ಲು ಇಡುವುದು ಇಲ್ಲಿನ ಪದ್ಧತಿ. ನ್ಯೂಟ್ರಲ್ ಯಾಕೆ ಅಂದರೆ, ಯಾರಿಗಾದರೂ ಅಡ್ಡವಾದರೆ ಅವರೇ ತಳ್ಳಿಕೊಳ್ಳಲಿ ಅಂತ. ಉಪಕಾರ ಬುದ್ಧಿ! ಇನ್‌ಶೂರೆನ್ಸ್ ಆಫೀಸಿನ ಮೋಟಾರ್ ಕ್ಲೇಮ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತವಳು ನಾನು. ಈ ಉಪಕಾರ ಬುದ್ಧಿಯ ಫೈಲುಗಳನ್ನು ಬೇಕಾದಷ್ಟು ನೋಡಿದ್ದೇನೆ. “ಕಲ್ಲು ಕೊಟ್ಟಿದ್ದೆ ಮೇಡಂ” ಎಂದು ಎಲ್ಲರೂ ಹೇಳುತ್ತಾರೆ.

ನನ್ನ ಹೆಸರು ವಿಮಲಾಕ್ಷಿ. ದಾವಣಗೆರೆ ಕಡೆಯವಳು, ಈಗ ಇಲ್ಲಿಯವಳೇ. ಈ ಕಥೆ ನಮ್ಮ ಎದುರುಮನೆಯ ಗುರುರಾಜರದ್ದು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. “ಹೆಸರು ಬದಲಾಯಿಸ್ಲಾ?” ಎಂದೆ. “ಬೇಡ ಬಿಡಿ. ಆ ಕಾರಿನ ವಿಷಯ ಬರೆದ್ರೆ ಎಲ್ರಿಗೂ ಗೊತ್ತಾಗುತ್ತೆ” ಎಂದರು.

ಗೊತ್ತಾಗದೆ ಏನು? ಸಾಲಾಗಿ ನಿಂತ ಸಣ್ಣ ಕಾರುಗಳ ನಡುವೆ ಅದೊಂದೇ ಆಳೆತ್ತರದ ವಿದೇಶಿ ಎಸ್‌ಯುವಿ. ಗುರುರಾಜರು ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಅವರ ಹೆಂಡತಿ ಸೀತಾಲಕ್ಷ್ಮಿಗೆ ವಿಪರೀತ ಮಂಡಿನೋವು. ತಗ್ಗಿನ ಸೀಟಿನಲ್ಲಿ ಕೂತರೆ ಏಳುವಾಗ ಇಬ್ಬರು ಹಿಡಿದೆತ್ತಬೇಕು. ವೈಟ್‌ಫೀಲ್ಡಿನಲ್ಲಿದ್ದ ಒಬ್ಬ ಪರದೇಶದ ಅಧಿಕಾರಿ ಊರಿಗೆ ಹಿಂದಿರುಗುವಾಗ ಈ ಗಾಡಿಯನ್ನು ಮಾರಿದ. ಸೀಟು ಸೊಂಟದ ಮಟ್ಟಕ್ಕೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಗುರುರಾಜರು ಕೊಂಡರು. ಅದು ಎರಡು ಸಾವಿರದ ಏಳನೇ ಇಸವಿ. ಮರುವರ್ಷವೇ ಸೀತಾಲಕ್ಷ್ಮಿ ತೀರಿಕೊಂಡರು. ಒಬ್ಬಳೇ ಮಗಳು ಮಧುರಾ ಮೈಸೂರಿನಲ್ಲಿ ಸ್ಕೂಲ್ ಟೀಚರ್. ಗುರುರಾಜರು ಒಬ್ಬರೇ ಉಳಿದರು, ಗಾಡಿ ನಿಂತೇ ಇರತೊಡಗಿತು.

ಆ ಗಾಡಿಗೆ ಕೈಯಲ್ಲಿ ಎಳೆಯುವ ಹ್ಯಾಂಡ್‌ಬ್ರೇಕ್ ಇಲ್ಲ. ಅದರ ಜಾಗದಲ್ಲಿ ಒಂದು ಬಟನ್ ಇದೆ. ಒತ್ತಿದರೆ ಹಿಂಭಾಗದಲ್ಲಿ ಒಂದು ಮೋಟಾರ್ ತಿರುಗಿ ಬ್ರೇಕಿನ ಕೇಬಲ್ ಎಳೆಯುತ್ತದೆ. ಮೀಟರಿನಲ್ಲಿ ಕೆಂಪು ದೀಪ ಮಿಣುಕದೆ ಉರಿದರೆ ಬ್ರೇಕ್ ಹಿಡಿದಿದೆ ಎಂದರ್ಥ. ಕಳೆದ ವರ್ಷ, ಅಂದರೆ ಎರಡು ಸಾವಿರದ ಒಂಬತ್ತರ ಮಳೆಗಾಲಕ್ಕೆ ಮುಂಚೆ, ಆ ಕೆಂಪು ದೀಪ ಮಿಣುಕತೊಡಗಿತು. ಪಕ್ಕದಲ್ಲೊಂದು ಹಳದಿ ದೀಪವೂ ಬಂತು.

“ಏನ್ರೀ ಅದು, ತೋರಿಸಬಾರದಾ?” ಎಂದು ಕೇಳಿದ್ದೆ.

“ಮಿಣುಕ್ತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತ ಅಲ್ವೇನ್ರೀ? ಹೇಗೂ ನಾನು ಬಟನ್ ನಂಬಲ್ಲ. ಕಲ್ಲು ಇಟ್ಟಿದೀನಿ” ಎಂದರು.

ಜುಲೈ ತಿಂಗಳ ಒಂದು ಬೆಳಿಗ್ಗೆ. ರಾತ್ರಿ ಮಳೆ ಬಿದ್ದು ನೆಲ ಜಾರುತ್ತಿತ್ತು. ಗುರುರಾಜರು ದಿನದಂತೆ ಗಾಡಿಯನ್ನು ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟು, ಆಫ್ ಮಾಡಿ, ನ್ಯೂಟ್ರಲ್‌ನಲ್ಲೇ ಬಿಟ್ಟು, ಬಟನ್ ಒತ್ತಿ, ಕಲ್ಲು ಇಟ್ಟು, ಕಾಫಿ ಕುಡಿಯಲು ಒಳಗೆ ಹೋದರು. ಗೇಟು ತೆರೆದಿತ್ತು. ಅಷ್ಟು ದೊಡ್ಡ ಗಾಡಿ ಕಲ್ಲನ್ನು ತಳ್ಳಿಕೊಂಡು ಹಿಂದಕ್ಕೆ ಇಳಿದು, ಗೇಟು ದಾಟಿ, ರಸ್ತೆಯ ಆಚೆ ಇದ್ದ ಇಸ್ತ್ರಿ ಗಾಡಿಗೆ ಗುದ್ದಿ ನಿಂತಿತು. ಇಸ್ತ್ರಿ ಗಾಡಿ ಮಗುಚಿತು, ಕೆಂಡ ರಸ್ತೆ ತುಂಬ ಚೆಲ್ಲಿತು.

ಇಸ್ತ್ರಿಯ ಮಾನಪ್ಪ ಅಲ್ಲಿರಲಿಲ್ಲ. ಮೂಲೆಮನೆಯವರು ಕೂಗಿದರು ಎಂದು ಆಗಷ್ಟೇ ಸೀರೆ ಕೊಡಲು ಹೋಗಿದ್ದ. ಸೀರೆ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದ.

“ಸಾರ್, ನಾನು ಅಲ್ಲೇ ನಿಂತಿದ್ದೆ ಸಾರ್. ಈಗ್ಲೇ ಆ ಕಡೆ ಹೋದೆ.” ಅದನ್ನೇ ನಾಲ್ಕು ಸಲ ಹೇಳಿದ.

ಅಂದು ಸಂಜೆಯೇ ನಿವಾಸಿಗಳ ಸಂಘದವರು ಸೇರಿದರು. ಗಾಡಿ ಸರಿ ಮಾಡಿಸಿ, ಇಲ್ಲವೇ ಲೇಔಟಿನಿಂದ ಸಾಗಿಸಿ ಎಂದರು. ಮಧುರಾ ಫೋನಿನಲ್ಲೇ ತೀರ್ಪು ಕೊಟ್ಟಳು: “ಅಪ್ಪ, ಭಾನುವಾರ ಬರ್ತೀನಿ. ಅದನ್ನ ಮಾರಿಬಿಡೋಣ.”

ಮರುದಿನ ಗೇಟಿನ ಹತ್ತಿರ ಗುರುರಾಜರು ನನ್ನನ್ನು ತಡೆದು ನಿಲ್ಲಿಸಿದರು. ಎರಡು ಗ್ಯಾರೇಜಿನವರನ್ನು ಕರೆಸಿದ್ದರಂತೆ. ಮೊದಲನೆಯವನು ಏನನ್ನೂ ಪರೀಕ್ಷೆ ಮಾಡದೆ, ಮೋಟಾರ್ ಪೂರ್ತಿ ಬದಲಾಯಿಸಬೇಕು, ಹೊರದೇಶದಿಂದ ಬರಲು ಮೂರು ತಿಂಗಳು ಎಂದ. ಎರಡನೆಯವನು ಇನ್ನೂ ಜಾಣ. ಫ್ಯೂಸ್ ಕಿತ್ತುಬಿಡ್ತೀನಿ, ದೀಪವೇ ಬರಲ್ಲ ಎಂದನಂತೆ.

“ಜ್ವರ ಬಂದ್ರೆ ಥರ್ಮಾಮೀಟರ್ ಒಡೆದು ಹಾಕೋ ಡಾಕ್ಟರ್ ಸಿಕ್ಕಿದಾನೆ ನಿಮಗೆ” ಎಂದು ರೇಗಿದೆ.

ಅವರು ನಗಲಿಲ್ಲ. “ಭಾನುವಾರ ಅವಳು ಬರೋದ್ರೊಳಗೆ ಸರಿಯಾಗ್ಬೇಕು ವಿಮಲಾಕ್ಷಿಯವರೇ. ಆ ಗಾಡಿ ಹೋದ್ರೆ ನನಗೆ ಕಷ್ಟ. ಅದೊಂದು ಬಿಟ್ರೆ ನಂಗೆ ಇನ್ನೇನೂ ಇಲ್ಲ” ಎಂದರು.

ವಾರದಲ್ಲಿ ಒಂದು ದಿನವೂ ಓಡದ ಗಾಡಿಗೆ ಇಷ್ಟೊಂದು ಸಂಕಟವೇ ಎಂದು ನನಗೆ ಅನಿಸಿತು. ಆದರೂ ಶಿವಾಜಿನಗರಕ್ಕೆ ಫೋನ್ ಮಾಡಿ ಶೌಕತ್‌ನನ್ನು ಕರೆದೆ. ಶೌಕತ್ ಗಾಡಿಗಳ ವೈರಿಂಗ್ ಮತ್ತು ಬ್ಯಾಟರಿ ಕೆಲಸದವನು. ಕ್ಲೇಮಿಗೆ ಬಂದ ಗಾಡಿಗಳನ್ನು ನೋಡಲು ನಮ್ಮ ಆಫೀಸಿಗೆ ಬರುತ್ತಿದ್ದ. ಕಾರಣ ಸಿಗದೆ ಒಂದು ಸ್ಕ್ರೂ ಕೂಡ ಬದಲಾಯಿಸುವ ಮನುಷ್ಯನಲ್ಲ.

ಶುಕ್ರವಾರ ನಮಾಜ್ ಮುಗಿಸಿ ಬಂದ. ಬಂದವನೇ ಮೊದಲು ಚಕ್ರಗಳಿಗೆ ಮೂಲೆ ಚೂಪಾದ ಮರದ ಬೆಣೆ ಕೊಟ್ಟ. ಗಾಡಿಯ ಹಿಂದೆ ನಿಂತಿದ್ದ ಗುರುರಾಜರು, ಮಾನಪ್ಪ, ನಾನು, ನಮ್ಮನ್ನೆಲ್ಲ ಪಕ್ಕಕ್ಕೆ ಸರಿಸಿದ.

“ಕಲ್ಲು ಇದೆಯಲ್ಲಪ್ಪ” ಎಂದರು ಗುರುರಾಜರು.

“ಕಲ್ಲು ನಕ್ಕೋ ಸಾರ್, ಬೇಡ. ಉರುಳುತ್ತೆ, ಜಾರುತ್ತೆ. ಬೆಣೆ ಟೈರ್ ಕೆಳಗೆ ಕಚ್ಕೊಳ್ಳುತ್ತೆ. ಮೋಟಾರ್ ಆಮೇಲೆ ನೋಡೋಣ, ಮೊದ್ಲು ಬ್ಯಾಟರಿ.”

ವೋಲ್ಟ್ ಮೀಟರ್ ಹಚ್ಚಿದ. ಚೆನ್ನಾಗಿರುವ ಬ್ಯಾಟರಿ ಹನ್ನೆರಡೂವರೆ ವೋಲ್ಟ್ ತೋರಿಸಬೇಕು. ಇದು ಹನ್ನೆರಡನ್ನೂ ಮುಟ್ಟಲಿಲ್ಲ. “ಈಗ ಬಟನ್ ಒತ್ತಿ ಸಾರ್” ಎಂದ. ಹಿಂದಿನಿಂದ ಮೋಟಾರ್ ನರಳಿದ ಸದ್ದು ಬಂತು, ಅರ್ಧಕ್ಕೇ ನಿಂತಿತು. ಮೀಟರ್ ಒಂಬತ್ತಕ್ಕೆ ಇಳಿಯಿತು. ಕೆಂಪು ದೀಪ ಮಿಣುಕಿತು.

ಆಮೇಲೆ ತನ್ನ ವ್ಯಾನಿನಿಂದ ಒಳ್ಳೆಯ ಬ್ಯಾಟರಿ ತಂದು ವೈರಿನಿಂದ ಜೋಡಿಸಿದ. “ಈಗ ಒತ್ತಿ.” ಈ ಸಲ ಮೋಟಾರ್ ಒಂದೇ ಸಮನೆ ತಿರುಗಿ ಗಟ್ಟಿಯಾಗಿ ಎಳೆದು ನಿಂತಿತು. ಕೆಂಪು ದೀಪ ಸುಮ್ಮನೆ ಉರಿಯಿತು.

“ಕೇಳಿಸ್ತಾ? ಬಟನ್ ಸರಿ ಇದೆ, ಮೋಟಾರ್ ಸರಿ ಇದೆ, ಕೇಬಲ್ಲೂ ಸರಿ ಇದೆ” ಎಂದ ಶೌಕತ್. ತನ್ನ ಸ್ಕ್ಯಾನರ್ ಡಬ್ಬಿ ಚುಚ್ಚಿ, ಗಾಡಿಯ ಕಂಪ್ಯೂಟರ್ ಬರೆದಿಟ್ಟುಕೊಂಡಿದ್ದ ದೂರುಗಳನ್ನು ಓದಿದ. ಎಲ್ಲವೂ ಒಂದೇ ದೂರು, ವೋಲ್ಟೇಜ್ ಕಡಿಮೆ. “ಬ್ಯಾಟರಿ ಸುಸ್ತಾಗಿದ್ರೆ ಈ ಬ್ರೇಕ್ ಅರ್ಧ ಎಳೆದು ಬಿಟ್ಬಿಡುತ್ತೆ ಸಾರ್. ಅರ್ಧ ಹಿಡಿದ ಬ್ರೇಕ್ ಸ್ವಲ್ಪ ಹೊತ್ತು ನಿಲ್ಲುತ್ತೆ. ಆಮೇಲೆ ಅಲ್ಲಾನೇ ಗತಿ.”

“ದಿನಾ ಹತ್ತು ನಿಮಿಷ ಸ್ಟಾರ್ಟ್ ಮಾಡ್ತೀನಲ್ಲ!”

“ಅದೇ ತಪ್ಪು. ಸ್ಟಾರ್ಟ್ ಮಾಡೋಕೆ ಖರ್ಚಾದ ಕರೆಂಟು ನಿಂತಲ್ಲೇ ಹತ್ತು ನಿಮಿಷಕ್ಕೆ ವಾಪಸ್ ಬರಲ್ಲ. ರೋಡಿನಲ್ಲಿ ಮುಕ್ಕಾಲು ಗಂಟೆ ಓಡ್ಬೇಕು.” ಶೌಕತ್ ತಲೆ ಕೆರೆದುಕೊಂಡ. “ಆದ್ರೂ ಇಷ್ಟು ಬೇಗ ಸಾಯಬಾರದು. ಇದು ಎರಡನೇ ಬ್ಯಾಟರಿ ಅಂತೀರ, ಹಾಕಿಸಿ ವರ್ಷ ಆಗಿಲ್ಲ.”

ಎಂಜಿನ್ ಓಡಿಸಿ ನೋಡಿದ. ಚಾರ್ಜಿಂಗ್ ಸರಿ ಇತ್ತು. ಬಾಗಿಲು ಹಾಕಿ, ಅರ್ಧ ಗಂಟೆ ಕಾದು, ಎಲ್ಲಾದರೂ ಕರೆಂಟು ಸೋರುತ್ತಿದೆಯೇ ಎಂದು ಅಳೆದ. ಸೋರುತ್ತಿರಲಿಲ್ಲ.

“ಸಾರ್, ಈ ಗಾಡಿಯಲ್ಲಿ ಯಾರು ಕೂರ್ತಾರೆ?” ಎಂದು ಕೇಳಿದ.

“ಯಾರೂ ಇಲ್ಲ” ಎಂದರು ಗುರುರಾಜರು.

“ಎಂಜಿನ್ ಆಫ್ ಮಾಡಿ ಯಾರೋ ಕರೆಂಟು ಉಪಯೋಗಿಸ್ತಾರೆ. ಲೈಟು, ಫ್ಯಾನು, ರೇಡಿಯೋ ಏನೋ ಒಂದು. ಹೇಳದೇ ಇದ್ರೆ ಹೊಸ ಬ್ಯಾಟರಿನೂ ನಾಲ್ಕು ತಿಂಗಳಿಗೆ ಹೋಗುತ್ತೆ. ಮತ್ತೆ ಗಾಡಿ ಇಳಿಯುತ್ತೆ. ಆ ದಿನ ಇಸ್ತ್ರಿ ಅಣ್ಣ ಅಲ್ಲೇ ಇರಬಹುದು.”

ಗುರುರಾಜರು ಮಾನಪ್ಪನ ಕಡೆ ನೋಡಿದರು. ನನ್ನ ಕಡೆ ನೋಡಲಿಲ್ಲ. ನನಗೆ ಉತ್ತರ ಗೊತ್ತಿತ್ತು. ಸಂಜೆಯಾದರೆ ಆ ಗಾಡಿಯೊಳಗೆ ಸಣ್ಣ ದೀಪ ಹತ್ತುವುದನ್ನು ನಮ್ಮ ಅಡುಗೆಮನೆ ಕಿಟಕಿಯಿಂದ ಒಂದು ವರ್ಷದಿಂದ ನೋಡುತ್ತಿದ್ದೆ. “ಗುರುರಾಜರು ನಿಂತಲ್ಲೇ ಊಟಿಗೆ ಹೋಗಿಬರ್ತಾರೆ” ಎಂದು ನಾವು ಹೆಂಗಸರು ನಕ್ಕದ್ದೂ ಇದೆ.

“ನಾನೇ ಕೂರ್ತೀನಪ್ಪ” ಎಂದರು ಕೊನೆಗೆ. “ಆರು ಗಂಟೆಗೆ ಹೋಗಿ ಕೂರ್ತೀನಿ. ರೇಡಿಯೋ ಹಾಕ್ಕೊಂಡು ಒಂಬತ್ತರ ತನಕ. ಮನೇಲೂ ರೇಡಿಯೋ ಇದೆ. ಆದ್ರೆ ಮನೇಲಿ ಎಲ್ಲಾ ಕಡೆ ಅವಳಿಲ್ಲ ಅನ್ನೋದು ಗೊತ್ತಾಗುತ್ತೆ. ಗಾಡೀಲಿ ಹಾಗಲ್ಲ. ಅವಳು ಎಲ್ಲೋ ತರಕಾರಿ ತರೋಕೆ ಇಳಿದಿದಾಳೆ, ಬರ್ತಾಳೆ, ನಾನು ಕಾಯ್ತಾ ಇದೀನಿ, ಹಾಗೆ ಅನ್ಸುತ್ತೆ.”

ನನಗೆ ನಾಚಿಕೆಯಾಯಿತು. ಇಪ್ಪತ್ತಾರು ವರ್ಷ ಅಪಘಾತಕ್ಕೆ ಕಾರಣ ಹುಡುಕಿದವಳು, ಎದುರುಮನೆಯ ಕಾರಣವನ್ನು ಕಿಟಕಿಯಿಂದ ನೋಡಿ ನಕ್ಕಿದ್ದೆ.

ಶೌಕತ್ ಮೆಲ್ಲಗೆ ಹೇಳಿದ: “ಕೂರಿ ಸಾರ್, ಕೂರಬೇಡಿ ಅನ್ನಲ್ಲ. ಆದ್ರೆ ಎಂಜಿನ್ ಆಫ್ ಇದ್ರೆ ಅರ್ಧ ಗಂಟೆ ಅಷ್ಟೇ, ಬಸ್. ವಾರಕ್ಕೆ ಎರಡು ಸಲ ಗಾಡಿ ಹೊರಗೆ ತೆಗೀರಿ. ಹೊಸಕೋಟೆ ತನಕ ಹೋಗಿ ಬನ್ನಿ. ರೇಡಿಯೋ ರೋಡಿನಲ್ಲೂ ಕೇಳಿಸುತ್ತೆ.”

ಶನಿವಾರ ಸರಿಯಾದ ಅಳತೆಯ ಹೊಸ ಬ್ಯಾಟರಿ ಬಂತು. ಶೌಕತ್ ಹಿಂದಿನ ಬ್ರೇಕ್ ಪ್ಯಾಡುಗಳನ್ನೂ ಕೇಬಲನ್ನೂ ಕಣ್ಣಾರೆ ನೋಡಿದ. ಸ್ಕ್ಯಾನರ್ ಡಬ್ಬಿಯಿಂದ ಹಳೆಯ ದೂರುಗಳನ್ನು ಅಳಿಸಿ, ಬ್ರೇಕನ್ನು ಹತ್ತು ಸಲ ಹಿಡಿಸಿ ಬಿಡಿಸಿದ. ಆಮೇಲೆ ತಾನು ಒಳಗೆ ಕೂತು, ಫುಟ್‌ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಬೆಣೆ ತೆಗೆಸಿದ. ಕಾಲು ಎತ್ತಿದ. ಗಾಡಿ ಇಳಿಜಾರಿನಲ್ಲಿ ಕದಲಲಿಲ್ಲ. ಮಾನಪ್ಪ ಮುಂದುಗಡೆಯಿಂದ ಬಾನೆಟ್ಟಿಗೆ ಹೆಗಲು ಕೊಟ್ಟು ತಳ್ಳಿಯೂ ನೋಡಿದ. ಅವನಿಗಲ್ಲದೆ ಬೇರೆ ಯಾರಿಗೆ ಇತ್ತು ಆ ಹಕ್ಕು?

ಭಾನುವಾರ ಮಧುರಾ ಬಂದಾಗ ನಾನೂ ಗುರುರಾಜರ ಮನೆಯಲ್ಲೇ ಇದ್ದೆ. ಬ್ಯಾಗು ಇಳಿಸುವ ಮೊದಲೇ ಶುರುಮಾಡಿದಳು.

“ಬ್ಯಾಟರಿ ಹಾಕಿದ್ರೆ ಮುಗೀತಾ ಅಪ್ಪ? ಆರು ತಿಂಗಳು ಬಿಟ್ಟು ಮತ್ತೆ ಇಳಿದು ಹೋದ್ರೆ? ಯಾರನ್ನಾದ್ರೂ ಸಾಯಿಸಿದ್ರೆ?”

“ಇಳಿಯಲ್ಲ. ಯಾಕೆ ಇಳೀತು ಅಂತ ಗೊತ್ತಾಗಿದೆ” ಎಂದರು ಗುರುರಾಜರು. ಆಮೇಲೆ ಶೌಕತ್‌ಗೆ ಹೇಳಿದ್ದನ್ನೆಲ್ಲ ಮಗಳಿಗೂ ಹೇಳಿದರು. ನಾನು ಎದ್ದು ಹೋಗಲು ನೋಡಿದೆ. ಕೂತ್ಕೊಳ್ಳಿ ಎಂದರು.

ಮಧುರಾಳ ಮುಖ ಸಪ್ಪಗಾಯಿತು. “ದಿನಾ ಫೋನ್ ಮಾಡ್ತೀನಲ್ಲಪ್ಪ. ಒಂದು ದಿನಾನೂ ಹೇಳ್ಲಿಲ್ಲ.”

“ಊಟ ಆಯ್ತಾ ಅಂತ ನೀನು ಕೇಳ್ತಿದ್ದೆ. ನಾನು ಆಯ್ತು ಅಂತಿದ್ದೆ.”

ಮಾರುವ ಮಾತು ಅಲ್ಲಿಗೆ ನಿಂತಿತು. ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳೇ ಹೊಸಕೋಟೆಗೆ ಹೋಗಿ ಬಂದು ಗಾಡಿ ಓಡಿಸಿ ನೋಡಿದಳು. ಸಂಜೆ ಅದೇ ಗಾಡಿಯಲ್ಲಿ ಅವರು ಅವಳನ್ನು ಮೈಸೂರು ಬಸ್ಸಿಗೆ ಬಿಟ್ಟು, ಒಬ್ಬರೇ ಹಿಂದಿರುಗಿದರು. ಗೇರಿನಲ್ಲಿ ನಿಲ್ಲಿಸಿದರು. ಬಟನ್ ಒತ್ತಿ, ದೀಪ ನಿಂತು ಉರಿಯುವುದನ್ನು ನೋಡಿದರು. ಬೆಣೆ ಕೊಟ್ಟರು. ಮತ್ತೆ ಒಳಗೆ ಹತ್ತಿ ಕೂತರು. ನಾನು ಕಿಟಕಿಯಿಂದ ಕೈಬೀಸಿದೆ, ಅವರಿಗೆ ಕಾಣಲಿಲ್ಲ. ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಅವರ ಗಾಡಿಯ ಕಡೆ ಹೋದೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಗಾಡಿಯ ಬ್ರೇಕ್ ದೀಪ ಮಿಣುಕಿದರೆ ಅದು ಕೆಲಸ ಮಾಡುತ್ತಿದೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ, ಅದು ಕೂಗಿ ಕರೆಯುತ್ತಿದೆ. ಫ್ಯೂಸ್ ಕೀಳಲು ಬಿಡಬೇಡಿ. ಮೋಟಾರ್ ಬದಲಾಯಿಸಿ ಎಂದವರಿಗೆ ಮೊದಲು ಬ್ಯಾಟರಿ ಅಳೆಯಲು ಹೇಳಿ, ಕಂಪ್ಯೂಟರಿನ ದೂರು ಓದಿಸಿ. ಇಳಿಜಾರಿನಲ್ಲಿ ಗಾಡಿಯನ್ನು ಗೇರಿನಲ್ಲೇ ನಿಲ್ಲಿಸಿ, ಕಲ್ಲಿನ ಬದಲು ಬೆಣೆ ಇಡಿ. ಬೇರೆಯವರು ತಳ್ಳಿಕೊಳ್ಳಲಿ ಎಂಬ ಉಪಕಾರ ನಮಗೆ ಬೇಡ. ಮೆಕ್ಯಾನಿಕ್ ಏನು ಕೇಳಿದರೂ ನಿಜ ಹೇಳಿ. ಹೇಳಲು ನಾಚಿಕೆಯಾದರೆ ಮೊದಲು ಎದುರುಮನೆಯವರಿಗೆ ಹೇಳಿ. ಆ ಎದುರುಮನೆಯವರು ನೀವೇ ಆಗಿದ್ದರೆ, ಅವರು ಹೇಳುವ ತನಕ ಕಾಯಬೇಡಿ. ಇವತ್ತೇ ಹೋಗಿ ಕೇಳಿ.